ಸುಣ್ಣ ಹಚ್ಚಿದ ಕಲ್ಲು

“ನಿಮ್ಮಪ್ಪ ಊರ ಮಕ್ಕಳಿಗೆಲ್ಲಾ ಅಕ್ಷರಾ ಕಲಿಸಿದ. ಮನ್ಯಾಗ ಮಾತ್ರ ಒಂದ ಕೋಣಾ ಕಟ್ಟಿ ಮೇಯಿಸಿದ ನೋಡಲೇ ಅಮೋಲ್ಯಾ!”

ಸಾವಳಗಿ ಬಸ್‌ಸ್ಟ್ಯಾಂಡಿನ ಎದುರಿಗಿರುವ ಕಾಶಪ್ಪನ ಚಾದಂಗಡಿಯಲ್ಲಿ ಬೆಳಗಿನ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಜಮಖಂಡಿ ಬಸ್ಸಿಗೆ ಕಾಯುವವರು, ಹಾಲಿನ ಕ್ಯಾನು ಇಳಿಸಿ ನಿಂತವರು, ಟ್ರ್ಯಾಕ್ಟರನ್ನು ಬಂದ್ ಮಾಡದೆ ಗುಡುಗುಡು ಅನ್ನಿಸುತ್ತಲೇ ಚಾ ಕುಡಿಯುವವರು ಎಲ್ಲ ಅಲ್ಲೇ. ಚನಮಲ್ಲಪ್ಪ ಗೌಡರು ಮಾತು ಎಸೆಯಲು ಅಂಥ ಜಾಗವನ್ನೇ ಆರಿಸಿಕೊಳ್ಳುತ್ತಾರೆ. ಕೇಳುವವರಿಲ್ಲದ ಕಡೆ ಬೈದರೆ ಆ ಬೈಗುಳ ದಂಡವಾಯಿತೆಂದು ಅವರಿಗೆ ಕೆಡುಕೆನಿಸುತ್ತದೆ.

ಅಂಗಡಿ ತುಂಬ ನಗೆ. ಅಮೋಲನ ಒಂದು ಕೈಯಲ್ಲಿ ಚಾದ ಗ್ಲಾಸು, ಇನ್ನೊಂದರಲ್ಲಿ ನಾಯಿಯ ಹಗ್ಗ, ಕೊರಳಲ್ಲಿ ಒಂದು ಕಣ್ಣು ಮಸುಕಾದ ಹಳೆಯ ದುರ್ಬೀನು. ಕಿವಿಯ ತುದಿ ಆಗಲೇ ಕೆಂಪಗಾಗಿತ್ತು.

ಗೌಡರು ಅಲ್ಲಿಗೆ ಬಿಡಲಿಲ್ಲ. “ಮುಧೋಳ ನಾಯಿ ಅಂದ್ರ ಏನಲೇ? ಗಾಳಿ ಅದು ಗಾಳಿ! ಮೊಲಾ ಕಂಡರ ತನ್ನ ನೆಳ್ಳೂ ಹಿಂದ ಬಿಟ್ಟು ಓಡೂ ಜಾತಿ. ಅಂಥಾದಕ್ಕ ಹಗ್ಗಾ ಕಟ್ಟಿ ಗುಬ್ಬಿ ತೋರಿಸಾಕ ಒಯ್ತಿ. ನೀನೂ ಹಾಳಾದಿ, ಅದನ್ನೂ ಹಾಳ ಮಾಡಿದಿ.”

ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಾಗುವುದು ಅಮೋಲನಿಗೆ ಬಂದ ವಿದ್ಯೆಯೇ ಅಲ್ಲ. ಸಾಲೆಯಲ್ಲಿ ಒಂಬತ್ತನೆತ್ತೆಗಿದ್ದಾಗ ಗಣಿತದ ಮಾಸ್ತರರು ಇಡೀ ವರ್ಗದ ಮುಂದೆ “ಸಾತಪ್ಪ ಗುರುಗಳ ಮಗ ನೀನ ಏನು?” ಎಂದು ಕೇಳಿದ್ದಕ್ಕೆ ಪಾಟಿಚೀಲವನ್ನು ಕಿಟಕಿಯಿಂದ ಹೊರಗೆ ಎಸೆದು, ಅದರ ಹಿಂದೆಯೇ ತಾನೂ ಹೊರಗೆ ಬಂದವನು ಅವನು. ಮತ್ತೆ ಆ ಬಾಗಿಲು ತುಳಿಯಲಿಲ್ಲ.

“ನಿಮ್ಮ ಮಡ್ಡ್ಯಾಗ ನಿಮ್ಮ ಮುತ್ತ್ಯಾನ ಕಾಲದಿಂದ ಕಲ್ಲ ಬಿಟ್ಟು ಏನರೆ ಬೆಳದೀರೇನ್ರಿ ಗೌಡ್ರ?” ಎಂದ. “ನನ್ನ ನಾಯಿ ದಿನಾ ಅಲ್ಲಿ ಕಾಲ ಎತ್ತತೈತಿ. ಆ ಹೊಲಾ ಕಂಡ ನೀರಾವರಿ ಅಂದ್ರ ಅದ ಒಂದ.”

ಬಿಜಲಿ ಹೆಣ್ಣುನಾಯಿ, ಕಾಲೆತ್ತುವುದಿಲ್ಲ. ಆದರೆ ಆ ಹೊತ್ತಿಗೆ ಅದನ್ನು ಯಾರು ಕೇಳುತ್ತಾರೆ? ಅಂಗಡಿ ಮೊದಲಿಗಿಂತ ಜೋರಾಗಿ ನಕ್ಕಿತು. ಹಾಲಿನವನಿಗೆ ಚಾ ನೆತ್ತಿಗೇರಿತು. ಗೌಡರ ಮೋರೆ ಹೆಂಚಿನಂತೆ ಕಾದಿತು.

“ಹಂಗೇನು?” ಎಂದರು. “ಯುಗಾದಿ ಆದ ಮರುದಿನಾನ ಜೆಸಿಬಿ ತರಸ್ತೇನಿ. ಆ ಮಡ್ಡೀನ ಊಟದ ತಾಟಿನಂಗ ಸಪಾಟ ಮಾಡಸ್ತೇನಿ. ಕಬ್ಬ ಹಚ್ತೇನಿ, ಕಬ್ಬ! ಆಮ್ಯಾಲ ನಿನ್ನ ಹಕ್ಕಿ ಎಲ್ಲಿ ಕುಂಡರ್ತಾವ ನಾನೂ ನೋಡ್ತೇನಿ.”

ಅಮೋಲ ಹಗ್ಗವನ್ನು ಕೈಗೆ ಸುತ್ತಿಕೊಂಡ. ಅಷ್ಟು ಜನರಲ್ಲಿ ಅವನೊಬ್ಬನಿಗೇ ಗೊತ್ತಿತ್ತು: ಆ ಮಡ್ಡಿಯ ನೆತ್ತಿಯಲ್ಲಿ, ಬರೀ ನೆಲದ ಮೇಲೆ, ಕಲ್ಲಿನ ನಡುವೆ ಕಲ್ಲಿನಂತೆ ಮೂರು ಮೊಟ್ಟೆಗಳಿದ್ದವು.

ಸಾವಳಗಿಯಿಂದ ತುಬಚಿ ಕಡೆ ಹೊರಟರೆ ಕಬ್ಬಿನ ಹೊಲಗಳು ಮುಗಿದಲ್ಲಿ ನೆಲ ಮೆಲ್ಲಗೆ ಏರುತ್ತದೆ. ಮಣ್ಣು ತೆಳ್ಳಗಾಗಿ ಕಲ್ಲು ಮೇಲೆ ಬರುತ್ತದೆ. ಜಾಲಿ, ಬಾರಿಕಂಟಿ, ಒಣಹುಲ್ಲು ಬಿಟ್ಟರೆ ಏನೂ ಬೆಳೆಯದ ಆ ಏರಿಗೆ ಮಡ್ಡಿ ಎನ್ನುತ್ತಾರೆ. ಬೆಳಿಗ್ಗೆ ಟ್ರ್ಯಾಕ್ಟರ್ ಏರುವ ಮುಂಚೆ ಒಮ್ಮೆ, ಸಂಜೆ ಇಳಿದ ಮೇಲೆ ಒಮ್ಮೆ, ಅಮೋಲ ಬಿಜಲಿಯನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದ. ಹೋಗದಿದ್ದರೆ ನಡೆಯುವುದಿಲ್ಲ. ಮುಧೋಳದ ನಾಯಿಯನ್ನು ಓಡಿಸದೆ ಮನೆಯಲ್ಲಿ ಕಟ್ಟಿದರೆ ಅದು ಗೋಡೆ ಕೆರೆಯುತ್ತದೆ. ಅಮೋಲನೂ ಅಷ್ಟೇ, ದಿನಕ್ಕೆರಡು ಸಲ ಕಾಲು ಸೋಲುವಷ್ಟು ನಡೆಯದಿದ್ದರೆ ಯಾರದಾದರೂ ಕೊರಳಪಟ್ಟಿ ಹಿಡಿಯುತ್ತಿದ್ದ.

ಬಿಜಲಿ ಅವನಿಗೆ ಸಿಕ್ಕದ್ದು ಕಬ್ಬಿನ ಹಂಗಾಮಿನಲ್ಲಿ. ಊರಿನ ಸುಭಾಷ್ ಎಂಬವನ ಟ್ರ್ಯಾಕ್ಟರಿಗೆ ಅವನು ಡ್ರೈವರ್. ಕಬ್ಬು ಹೇರಿಕೊಂಡು ಮುಧೋಳದ ಕಡೆಗೆ ಹೋದರೆ ಫ್ಯಾಕ್ಟರಿ ಮುಂದೆ ಗಾಡಿಗಳ ಸಾಲು ಇರುವೆ ಸಾಲಿನ ಹಾಗೆ ನಿಂತಿರುತ್ತದೆ. ಮುಂದಿನ ಗಾಡಿಯ ಡ್ರೈವರ್ ಸುಸ್ತಾಗಿ ಮಲಗಿದ್ದ. ಸಾಲು ಸರಿದಾಗಲೆಲ್ಲ ಅಮೋಲ ತನ್ನದರ ಜೊತೆ ಅವನ ಗಾಡಿಯನ್ನೂ ಮುಂದೆ ಒಯ್ದು ನಿಲ್ಲಿಸುತ್ತಿದ್ದ. ಎದ್ದ ಮೇಲೆ ಆ ಮನುಷ್ಯ ಉಪಕಾರಕ್ಕೆಂದು ಗೋಣಿಚೀಲದಿಂದ ಒಂದು ಮರಿ ತೆಗೆದು ಕೊಟ್ಟ. ಉದ್ದ ಕಾಲು, ಉದ್ದ ಮೂತಿ, ಹೊಟ್ಟೆಯೇ ಇಲ್ಲದಂಥ ಹೊಟ್ಟೆ.

ಹಕ್ಕಿ ನೋಡುವ ಹುಚ್ಚು ಹತ್ತಿಸಿದ್ದು ಆ ನಾಯಿಯೇ. ಅದರ ಕಣ್ಣು ಅಂಥದ್ದು. ನಡೆಯುತ್ತ ನಡೆಯುತ್ತ ಗಕ್ಕನೆ ನಿಂತು, ಕಿವಿ ಹಿಂದೆ ಮಾಡಿ ದೂರಕ್ಕೆ ದಿಟ್ಟಿಸುತ್ತಿತ್ತು. ಏನು ನೋಡುತ್ತದೆ ಇದು ಎಂದು ಅಮೋಲನೂ ನೋಡತೊಡಗಿದ. ಮೊದಮೊದಲು ಏನೂ ಕಾಣುತ್ತಿರಲಿಲ್ಲ. ಆಮೇಲೆ ಹುಲ್ಲಿನಲ್ಲಿ ಒಂದು ಕೊರಳು, ಕಲ್ಲಿನ ಮೇಲೆ ಒಂದು ಬಾಲ, ಮೇಲೆ ರೆಕ್ಕೆ ಅಲುಗಿಸದೆ ತೇಲುವ ಗಿಡುಗ. ಬಿಜಲಿಯ ಮೂತಿ ಎತ್ತಲೋ ದುರ್ಬೀನು ಅತ್ತ. ಹೆಸರುಗಳನ್ನು ಫೋನಿನಲ್ಲಿ ಹುಡುಕಿದ. ನಿಂತು ನೋಡಿದರೆ ಹಕ್ಕಿ ಹಾರುತ್ತದೆ. ನಾಯಿಯ ಕೊರಳು ತಬ್ಬಿ ನೆಲಕ್ಕೆ ಕೂತರೆ ಸ್ವಲ್ಪ ಹೊತ್ತಿಗೆ ತಿರುಗಿ ಬರುತ್ತದೆ. ಇದನ್ನು ಕಲಿಯಲು ಇಬ್ಬರಿಗೂ ಒಂದು ಚಳಿಗಾಲ ಹಿಡಿಯಿತು. ಕೂತಷ್ಟು ಹೊತ್ತು ಮೈಯೊಳಗಿನ ಬೆಂಕಿ ಕೆಂಡಕ್ಕೆ ಇಳಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆ.

ಮೊಟ್ಟೆ ಇಟ್ಟದ್ದು ಗೌಜಲಕ್ಕಿ. ಊರವರಿಗೆ ನೆಲದ ಮೇಲೆ ಓಡುವುದೆಲ್ಲ ಒಂದೇ, ಕವಜಗ. ಆದರೆ ಇದು ಬೇರೆ. ಪಾರಿವಾಳದಷ್ಟು ಮೈ, ಧೂಳಿನ ಬಣ್ಣ, ಸೂಜಿಯಂಥ ಬಾಲ. ಗಂಡಿನ ಎದೆಗೆ ಅಡ್ಡಲಾಗಿ ಮಸಿಯ ಎಳೆ ಎಳೆದಂತೆ ಒಂದು ಗೆರೆ, ಹೊಟ್ಟೆ ಸುಟ್ಟ ಬೆಲ್ಲದ ಬಣ್ಣ. ಗೂಡು ಕಟ್ಟುವುದಿಲ್ಲ. ನೆಲದಲ್ಲಿ ಒಂದು ಅಂಗೈಯಷ್ಟು ತಗ್ಗು ಸಿಕ್ಕರೆ ಅದೇ ಮನೆ.

ಆ ಮೊಟ್ಟೆ ಕಂಡಾಗ ಅಮೋಲನಿಗೆ ಮೊದಲು ಹುಟ್ಟಿದ ಅಂಜಿಕೆ ಬಿಜಲಿಯದೇ: ಇವಳೇ ತಿಂದುಬಿಟ್ಟರೆ? ಅಮೋಲನ ಮನೆ ಜೈನರದು. ಅವ್ವ ತಾಯವ್ವ ಒಲೆಯ ಹತ್ತಿರ ಮೊಟ್ಟೆಯ ಹೆಸರು ಎತ್ತಲೂ ಬಿಡುವುದಿಲ್ಲ. ಅದಕ್ಕೇ ಅವನು ನಾಯಿಗೆಂದು ಕಾಶಪ್ಪನ ಅಂಗಡಿಯ ಹಿಂದೆ ಗುಟ್ಟಾಗಿ ಮೊಟ್ಟೆ ಕುದಿಸಿ ತಿನ್ನಿಸಿ ರುಚಿ ಹತ್ತಿಸಿದ್ದ. ಈಗ ಆ ಮೂರನ್ನು ಕಂಡು ಬಿಜಲಿಯ ಬಾಯಿಂದ ಜೊಲ್ಲು ದಾರದಂತೆ ಇಳಿಯಿತು. ಅವತ್ತೇ ಕಾಶಪ್ಪನ ಮೊಟ್ಟೆ ಬಂದ್. ಬರೀ ರೊಟ್ಟಿ, ಹಾಲು. ದಿನಾ ಗೂಡಿನಿಂದ ದೂರಕ್ಕೆ ಕೂರಿಸಿ “ಕುಂಡರ” ಎನ್ನುವುದು. ನಾಯಿಯ ತೊಡೆ ನಡುಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಆದರೂ ಏಳುತ್ತಿರಲಿಲ್ಲ.

ಇಂಥ ಜಾಗಕ್ಕೆ ಈಗ ಜೆಸಿಬಿ. ಅದೂ ತನ್ನ ಬಾಯಿಂದ ಕರೆಸಿಕೊಂಡ ಜೆಸಿಬಿ.

ಯುಗಾದಿ ಹತ್ತಿರ ಬಂದಿತ್ತು. ತಾಯವ್ವ ಗೋಡೆಗೆ ಬಳಿಯಲೆಂದು ಸುಣ್ಣ ನೆನೆಹಾಕಿ, ಅದಕ್ಕೆ ನೀಲಿ ಕಲಸಿ ಇಟ್ಟಿದ್ದಳು. ಅದರಲ್ಲಿ ಒಂದು ಡಬ್ಬಿ ತುಂಬಿಕೊಂಡು ಅಮೋಲ ಮರುದಿನ ನಸುಕಿನಲ್ಲಿ ಮಡ್ಡಿಗೆ ಹೋದ. ಜೆಸಿಬಿಯನ್ನು ಹೇಗೆ ತಡೆಯುವುದೋ ಗೊತ್ತಿರಲಿಲ್ಲ. ಆದರೆ ಗೌಡರ ಆಳು ಮುತ್ತಪ್ಪ ಆಡು ಹೊಡೆದುಕೊಂಡು ಅದೇ ದಾರಿಯಲ್ಲಿ ಬರುತ್ತಾನೆ. ಮೊಟ್ಟೆ ಕಣ್ಣಿಗೆ ಬೀಳುವಂಥವಲ್ಲ. ಕಡೇಪಕ್ಷ ಆಡಿನ ಕಾಲಿಗಾದರೂ ಸಿಗದಿರಲಿ. ಗೂಡಿನಿಂದ ಆಚೆ, ಹಕ್ಕಿ ಏಳದಷ್ಟು ದೂರದಲ್ಲಿ, ನಾಲ್ಕೂ ಮೂಲೆಗೆ ನಾಲ್ಕು ಕಲ್ಲಿಗೆ ಸುಣ್ಣ ಹಚ್ಚಿ ಬಂದ. ಈ ಕಲ್ಲುಗಳ ಒಳಗೆ ಆಡು ಬಿಡಬೇಡ ಎಂದು ಮುತ್ತಪ್ಪ ಸಿಕ್ಕಾಗ ಹೇಳಿದರಾಯಿತು ಅಂದುಕೊಂಡ.

ಮುತ್ತಪ್ಪನೇ ಮೊದಲು ಹೇಳಿದ. ಅದೂ ಚಾದಂಗಡಿಯಲ್ಲಿ, ಏದುಸಿರು ಬಿಡುತ್ತ.

“ಗೌಡ್ರ, ಸರ್ವೇದವ್ರು ಬಂದ ಹೋಗ್ಯಾರ್ರಿ! ನಮ್ಮ ಮಡ್ಡ್ಯಾಗ ಕಲ್ಲಿಗೆ ಸುಣ್ಣಾ ಹಚ್ಯಾರ!”

ಗೌಡರ ಕೈಯಲ್ಲಿದ್ದ ಬಟ್ಟಲು ಬಾಯಿಗೆ ಹೋಗದೆ ನಿಂತಿತು. ತುಬಚಿಯ ಏತ ನೀರಾವರಿ ಬಂದಾಗಿನಿಂದ ಆ ಸುತ್ತಿನ ಜನರಿಗೆ ಹೊಲದಲ್ಲಿ ಸುಣ್ಣದ ಕಲ್ಲು ಕಂಡರೆ ಒಂದೇ ಅರ್ಥ: ಕೆನಾಲು ಬರುತ್ತದೆ. ಕೆನಾಲಿನ ಕೆಳಗಿನವರು ಸಕ್ಕರೆ ಹಂಚುತ್ತಾರೆ. ಕೆನಾಲು ಯಾರ ಹೊಲದ ಮೇಲೆಯೇ ಹಾಯುತ್ತದೋ ಅವರು ಪರಿಹಾರದ ಲೆಕ್ಕ ಹಾಕುತ್ತ ಕೂಡುತ್ತಾರೆ.

“ಖರೇನ?” ಎಂದರು ಗೌಡರು.

“ಖರೆ ಅಂದ್ರ ಖರೆರಿ. ಬೆಳ್ಳನ್ನ ಕಲ್ಲು, ಮೂಲಿಗೊಂದ.”

“ಜೆಸಿಬಿಯವಂಗ ಫೋನ್ ಹಚ್ಚು. ಬ್ಯಾಡಂತ ಹೇಳು. ಕೆನಾಲ ಹೋಗೂ ಜಾಗಾ ಯಾಕ ಸಪಾಟ ಮಾಡ್ಲಿ ನಾನು? ಅವರ ಅಗೀತಾರ.”

ಮೂಲೆಯಲ್ಲಿ ಕೂತಿದ್ದ ಅಮೋಲನಿಗೆ ಎದ್ದು ಕುಣಿಯಬೇಕೆನಿಸಿತು. ನಾಲ್ಕು ಕಲ್ಲಿಗೆ ಇಷ್ಟು ದೊಡ್ಡ ಯಂತ್ರ ಹಿಂದೆ ಸರಿಯಿತಲ್ಲ! ಚಾ ಮುಗಿಸದೆ ಹೊರಗೆ ಬಂದು ಬಿಜಲಿಯ ಎರಡೂ ಕಿವಿ ಹಿಡಿದು ಮೂತಿಗೆ ಮೂತಿ ಹಚ್ಚಿದ.

ಖುಷಿ ಸಂಜೆಯವರೆಗೂ ಬಾಳಲಿಲ್ಲ. ಸಂಜೆ ಮಡ್ಡಿಗೆ ಹೋಗುವ ದಾರಿಯಲ್ಲಿ ಮುತ್ತಪ್ಪ ಆಡುಗಳ ಜೊತೆ ಎದುರಾದ.

“ನಾಳಿ ಒಂದ ದಿನಾ, ನಾಡದ ಅಗತ ಚಾಲೂ,” ಎಂದ.

“ಎಂಥಾ ಅಗತ?”

“ಗಿಡದ ಕುಣಿ. ಸೀತಾಫಲದ ಸಸಿ ತರ್ತಾರ ಗೌಡ್ರು. ಬರೇ ಕಲ್ಲಹೊಲಾ ಅಂದ್ರ ಪರಿಹಾರಾನೂ ಕಲ್ಲಿನಂಗ ಕೊಡ್ತಾರಂತ. ಹಣ್ಣಿನ ಗಿಡಾ ಇದ್ದೂ ಅಂದ್ರ ಗಿಡದ್ದೂ ಹಿಡೀತಾರ.”

“ಈ ಬ್ಯಾಸಗ್ಯಾಗ? ಸಸಿ ಹಚ್ಚೂ ದಿನಾ ಏನ ಇವು?”

“ಸರ್ವೇದವ್ರು ಮಳಿಗಾಲಕ್ಕ ಕಾಯ್ತಾರೇನೋ ಹುಚ್ಚಾ? ಆ ನಾಕು ಕಲ್ಲಿನ ನಟ್ಟನಡಬರಕ ಹಚ್ಚಬೇಕಂತ. ಅಲ್ಲೇ ಕೆನಾಲ ಬರೂದಲ್ಲಾ!”

ಅಮೋಲ ದಾರಿಯಲ್ಲೇ ಕೂತುಬಿಟ್ಟ. ಕಾಯಲೆಂದು ಇಟ್ಟ ಕಲ್ಲುಗಳೇ ಹಾರೆ, ಗುದ್ದಲಿಗಳನ್ನು ಗೂಡಿನ ಮೇಲೆ ಕರೆದಿದ್ದವು.

ಮನೆಗೆ ಬಂದರೆ ತಾಯವ್ವ ಸುಣ್ಣದ ಕೊಡದಲ್ಲಿ ಕೈಯಾಡಿಸುತ್ತ ನಿಂತಿದ್ದಳು. “ಯಾವ ಕಳ್ಳ ಸುಣ್ಣಾನೂ ಬಿಡಲಿಲ್ಲಲ್ಲ! ಪಡಸಾಲಿ ಒಂದ ಗ್ವಾಡಿ ಉಳೀತು.”

ಅವನ ಉಗುರಿನ ಸಂದಿಯಲ್ಲಿ ನೀಲಿ ಸುಣ್ಣ ಕಂಡು ಅವಳಿಗೆ ತಿಳಿಯಿತು. ಕೇಳಿದಳು. ಅವನು ಸಿಟ್ಟಿನಿಂದಲೇ ಎಲ್ಲ ಹೇಳಿದ. ಮೊಟ್ಟೆಯ ವಿಷಯ ಬಂದಾಗ ಅವಳ ಕೈ ನಿಂತಿತು.

“ಮೂರು ಜೀವಾ ಅವು,” ಎಂದಳು. “ಹೋಗಿ ಖರೆ ಹೇಳಬಾರದೇನು ಗೌಡಗ? ಎಷ್ಟಾದ್ರೂ ಹಿರ್ಯಾ ಮನಷ್ಯಾ.”

“ಆ ಮನಷ್ಯಾಗ ಹೇಳಿದ್ರ ನನ್ನ ಸಿಟ್ಟಿಗೆ ಗೂಡಿನ ಮ್ಯಾಲಾನ ಮೊದಲನೇ ಕುಣಿ ತೋಡಸ್ತಾನ.”

“ಅವತ್ತ ಬಾಯಿ ಮುಚಕೊಂಡಿದ್ದರ ಏನ ಗಂಟ ಹೋಗತಿತ್ತೋ ನಿಂದು?”

ಅಮೋಲ ಮೋರೆ ತಿರುಗಿಸಿದ. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಕೊಡದಲ್ಲಿ ಉಳಿದಿದ್ದ ಸುಣ್ಣದ ಮೇಲೆ ಕಣ್ಣು ಬಿತ್ತು. ತಾಯವ್ವನೂ ಅವನ ಕಣ್ಣು ಹೋದ ಕಡೆ ನೋಡಿದಳು, ಸೆರಗಿನಿಂದ ಬೆವರೊರೆಸಿಕೊಂಡಳು, ಕೊಡದ ಮುಂದಿನಿಂದ ಪಕ್ಕಕ್ಕೆ ಸರಿದಳು.

“ಗ್ವಾಡಿಗೆ ಮುಂದಿನ ವರ್ಷ ಹಚ್ಚಿದ್ರಾತು,” ಎಂದಳು.

ಮರುದಿನ ಕಣ್ಣಿಗೆ ಕಣ್ಣು ಕಾಣುವಷ್ಟು ಬೆಳಕಾಗುತ್ತಿದ್ದಂತೆ ಅವನೂ ಬಿಜಲಿಯೂ ಮಡ್ಡಿಯಲ್ಲಿದ್ದರು. ಮೊದಲು ಆ ನಾಲ್ಕು ಕಲ್ಲನ್ನು ಮಗುಚಿ ಹಾಕಿ ಬಿಳಿ ಬದಿಯನ್ನು ನೆಲಕ್ಕೆ ಮಾಡಿದ. ಆಮೇಲೆ ಇಳಿಜಾರಿನ ಕೆಳಗೆ, ಗಾಡಿದಾರಿಯ ಮಗ್ಗುಲಿಗೆ ಬಂದ. ಅಲ್ಲಿ ಮಣ್ಣೂ ಸ್ವಲ್ಪ ಆಳ. ಕೆನಾಲಿನ ಗುರುತು ಅಂದಮೇಲೆ ಸಾಲು ನೆಟ್ಟಗಿರಬೇಕು. ಸೊಟ್ಟ ಇಟ್ಟರೆ ಯಾವ ದಡ್ಡನಾದರೂ ಹಿಡಿಯುತ್ತಾನೆ. ಅಮೋಲ ನಾಯಿಯ ಹಗ್ಗಕ್ಕೆ ಟ್ರ್ಯಾಕ್ಟರಿನ ಹಗ್ಗ ಗಂಟು ಹಾಕಿ ಉದ್ದ ಮಾಡಿದ.

“ಬಿಜಲಿ, ಕುಂಡರ.”

ನಾಯಿ ಕೂತಿತು. ಅವನು ಹಗ್ಗದ ಇನ್ನೊಂದು ತುದಿ ಹಿಡಿದು ಬಿಗಿಯಾಗುವವರೆಗೆ ನಡೆದ. ಹಗ್ಗದ ಗುಂಟ ಕಲ್ಲಿಟ್ಟು ಸುಣ್ಣ ಬಳಿದ. ಮತ್ತೆ ಬಿಜಲಿಯನ್ನು ಮುಂದೆ ಕರೆದು ಕೂರಿಸಿದ. ಹಿಂದಿನ ಕಲ್ಲು, ಈ ಕಲ್ಲು, ನಾಯಿಯ ಎದೆ ಮೂರೂ ಒಂದೇ ಗೆರೆಗೆ ಬರುವವರೆಗೆ ಒಂದು ಕಣ್ಣು ಮುಚ್ಚಿ ನೋಡಿದ. ಒಂದು ಸಲ ಮೊಲವೊಂದು ಹುಲ್ಲಿನಿಂದ ಎದ್ದು ಬಿಜಲಿಯ ಮೂತಿಯ ಮುಂದೆಯೇ ಹಾರಿಹೋಯಿತು. ಅವಳ ಮೈಯೆಲ್ಲ ಬಿಲ್ಲಿನಂತಾಯಿತು. ಅಮೋಲ ಉಸಿರು ಹಿಡಿದ. ನಾಯಿ ಕೊರಳಿನಲ್ಲೇ ಒಮ್ಮೆ ಗುಂಯ್‌ಗುಟ್ಟಿತು, ಎದ್ದೇಳಲಿಲ್ಲ. ಬಿಸಿಲು ಏರುವ ಹೊತ್ತಿಗೆ ಗಾಡಿದಾರಿಯ ಗುಂಟ ಬಿಳಿ ಕಲ್ಲುಗಳು, ನೆಲದ ಇಳುಕಲಿಗೆ ತಕ್ಕಂತೆ ಒಂದು ಕಡೆ ಮೆಲ್ಲಗೆ ಹೊರಳಿ, ಬಾಗಿ, ದೂರಕ್ಕೆ ಹೋಗಿದ್ದವು. ಅಮೋಲ ಮೇಲೆ ನಿಂತು ನೋಡಿದ. ಜೀವಮಾನದಲ್ಲಿ ತಾನು ಮಾಡಿದ ಯಾವ ಕೆಲಸವೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

ಅದರ ಮರುದಿನ ಆಳುಗಳ ಜೊತೆ ಬಂದ ಗೌಡರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅಮೋಲ ದೂರದ ಬಾರಿಕಂಟಿಯ ಮರೆಯಲ್ಲಿದ್ದ. ಮಾತು ಗಾಳಿಯಲ್ಲಿ ತೇಲಿ ಬರುತ್ತಿತ್ತು.

“ಮೊನ್ನಿ ಅಲ್ಲಿದ್ದೂ ಅಂದಿ, ಇವತ್ತ ಇಲ್ಲೆ ಅದಾವಲ್ಲೋ ಮುತ್ತಪ್ಪಾ?”

ಮುತ್ತಪ್ಪ ತಲೆ ಕೆರೆದುಕೊಂಡ. “ಲೈನ್ ಬದಲಿ ಆಗಿರಬೇಕ್ರಿ. ಅವರದು ಯಾವಾಗ್ಲೂ ಹಿಂಗ ಅಲ್ರಿ? ಇವತ್ತ ಒಂದ, ನಾಳಿ ಒಂದ.”

ಗೌಡರಿಗೆ ಆ ಮಾತು ಕೂಡಲೇ ಒಪ್ಪಿಗೆಯಾಯಿತು. “ಅದೂ ಖರೆ. ಹಂಗಾರ ಇಲ್ಲೇ ತೋಡ್ರಿ.”

ಕುಣಿ ತೋಡಿದರು. ಸಸಿ ಬಂದವು, ಮಣ್ಣು ಸೇರಿದವು. ಮೇಲೆ, ಮಡ್ಡಿಯ ನೆತ್ತಿಯಲ್ಲಿ, ಹಗಲು ಹೆಣ್ಣು, ಸಂಜೆಗೆ ಗಂಡು, ಪಾಳಿ ಬದಲಿಸಿಕೊಂಡು ಕಾವು ಕೂತವು. ಯುಗಾದಿ ಬಂತು, ಬೇವು ಬೆಲ್ಲ ಆಯಿತು. ಬಿಸಿಲು ಕಲ್ಲನ್ನು ಸೀಳುವಂತೆ ಕಾಯಿತು.

ಒಂದು ಬೆಳಿಗ್ಗೆ ಅಮೋಲ ಕಂಟಿಯ ಬುಡದಲ್ಲಿ ನಾಯಿಯ ಕೊರಳು ತಬ್ಬಿ ಕೂತಿದ್ದಾಗ ದುರ್ಬೀನಿನಲ್ಲಿ ಗೂಡು ಬರಿದಾಗಿ ಕಂಡಿತು. ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ನೋಡಿದ. ಪಕ್ಕದ ಕಲ್ಲಿನ ನೆರಳಿನಲ್ಲಿ ಹೆಣ್ಣು ನಿಂತಿತ್ತು. ಅದರ ಕಾಲಿನ ಹತ್ತಿರ ಮಣ್ಣಿನ ಹೆಂಟೆಗಳಂಥವು ಅಲುಗಿದವು. ಒಂದು, ಎರಡು, ಮೂರೂ. ಹತ್ತಿಯ ಉಂಡೆಗೆ ಧೂಳು ಮೆತ್ತಿ ಎರಡು ಕಾಲು ಹಚ್ಚಿದಂತೆ.

“ಏನ ನೋಡಾಕತ್ತೀಯೋ ತಮ್ಮಾ?”

ಅಮೋಲ ಹೌಹಾರಿದ. ಹಿಂದೆ ಕೊಡ ಹೊತ್ತು ನಿಂತವಳು ಭಾಗವ್ವ, ಗೌಡರ ಹೆಂಡತಿ. ಸಸಿಗಳಿಗೆ ನೀರು ಹಾಕಲು ದಿನಾ ಅವಳೇ ಬರುತ್ತಿದ್ದಳು. ಆಳುಗಳು ಹಾಕಿದರೆ ಅವಳಿಗೆ ಸಮಾಧಾನವಿಲ್ಲ.

“ಏನಿಲ್ರಿ ಕಾಕೂ.”

“ಏನಿಲ್ಲದ್ದ ಇಷ್ಟ ಹೊತ್ತ ನೋಡ್ತಾರೇನು?” ಕೊಡ ಇಳಿಸಿ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. “ಸರಿ, ಆ ಕಡಿ ಸರಿ. ಕೊಡಿಲ್ಲೆ ಅದನ್ನ.”

ದುರ್ಬೀನು ಕೊಡಲೇಬೇಕಾಯಿತು. ಅದರ ಮಸುಕಾದ ಕಡೆಗೆ ಕಣ್ಣು ಹಚ್ಚಿ ಏನೂ ಕಾಣದೆ ಬೈದಳು. ಅಮೋಲ ತಿರುಗಿಸಿ ಕೊಟ್ಟ ಮೇಲೆ ಮರಿಗಳು ಕಂಡವು. ಅಷ್ಟರಲ್ಲಿ ಹಳ್ಳದ ಕಡೆಯಿಂದ ಗಂಡುಹಕ್ಕಿ ಬಂದು ಇಳಿಯಿತು. ಮೈ ಭಾರವಾದಂತೆ ತೂಗುತ್ತ ನಡೆಯಿತು. ಹೆಣ್ಣು ದೂರ ಸರಿಯಿತು. ಗಂಡು ನೆಟ್ಟಗೆ ನಿಂತು ಹೊಟ್ಟೆಯ ಗರಿಗಳನ್ನು ಬಿಚ್ಚಿತು. ಮರಿಗಳು ಓಡಿ ಬಂದು ಅದರ ಹೊಟ್ಟೆಗೆ ಬಾಯಿ ಹಾಕಿದವು.

“ಅಯ್ಯ ಶಿವನ! ಹಕ್ಕಿ ಮೊಲಿ ಕುಡಸ್ತೈತೇನೋ? ಅದೂ ಗಂಡಸು?”

“ಮೊಲಿ ಅಲ್ರಿ ಕಾಕೂ, ನೀರು. ಹಳ್ಳದ ಮಡುವಿನ್ಯಾಗ ಕುಂತು ಹೊಟ್ಟೀನ ತೋಯಿಸಿಕೊಂಡ ಬರತೈತಿ. ಗರ್‍ಯಾಗಿನ ನೀರ ಹೀರ್ತಾವ ಮರಿ. ನಾನೂ ಫೋನಿನ್ಯಾಗಷ್ಟ ನೋಡಿದ್ದೆ, ಕಣ್ಣಾರೆ ಕಂಡದ್ದು ಇವತ್ತ.”

ಭಾಗವ್ವ ದುರ್ಬೀನು ಇಳಿಸಲಿಲ್ಲ. “ನಾನೂ ಹಂಗ ಹೊತಗೊಂಡ ಬರಾಕತ್ತೇನಿ ನೋಡು, ಕೊಡದಾಗ. ಇದಕ್ಕ ಕೊಡಾನೂ ಇಲ್ಲ ಪಾಪ.” ದುರ್ಬೀನಿನಲ್ಲೇ ಕಣ್ಣಿಟ್ಟು, ಸಹಜವಾಗಿ ಕೇಳಿದಳು: “ಸುಣ್ಣಕ್ಕ ನೀಲಿ ಕಲಸೂ ಸರ್ವೇದವ್ರು ಯಾವ ಊರಾಗ ಅದಾರೋ ಅಮೋಲ?”

ಅಮೋಲ ಉಗುರುಗಳನ್ನು ಅಂಗೈಯೊಳಗೆ ಮಡಚಿಕೊಂಡ.

“ಅವರ ಕಲ್ಲಿಗೆ ಪೇಂಟ್ ಇರತೈತಿ. ಈ ನೀಲಿಸುಣ್ಣಾ ನಿಮ್ಮವ್ವನ ಪಡಸಾಲ್ಯಾಗ ಐತಿ. ನನಗ ಮೊದಲನೇ ದಿನಾನ ತಿಳೀತು.”

“ಮತ್ತ ಯಾಕ ಹೇಳಲಿಲ್ರಿ?”

“ಲಗ್ನಾಗಿ ಬಂದಾಗಿಂದ ಕೇಳಾಕತ್ತೇನಿ, ಈ ಮಡ್ಡ್ಯಾಗ ನಾಕ ಸೀತಾಫಲಾ ಹಚ್ರಿ ಅಂತ. ನಮ್ಮ ತವರಮನ್ಯಾಗ ಇಂಥಾ ಕಲ್ಲಾಗ ಎಷ್ಟ ಛಲೋ ಬರ್ತಾವ. ಕಬ್ಬ ಬಿಟ್ಟ ಬ್ಯಾರೆ ಗಿಡಾನ ಗೊತ್ತಿಲ್ಲ ಅವರಿಗೆ. ಕೆನಾಲಿನ ಆಸೆಗೆ ಈ ವರ್ಷ ಹಚ್ಯಾರ. ಬೇರ ಹಿಡದ ಗಿಡಾ ಕೀಳಾಕ ನಾ ಬಿಡಂಗಿಲ್ಲ, ಅದ ನನಗಿರಲಿ.” ದುರ್ಬೀನು ತಿರುಗಿ ಕೊಟ್ಟಳು. “ಇವು ಹಾರಾಕ ಎಷ್ಟ ದಿನಾ ಬೇಕು?”

“ಮಳಿ ಬರೂ ಮುಂದ ಹಾರ್ತಾವ್ರಿ.”

“ಅಲ್ಲೀತನಕ ಬಾಯಿ ಹೊಲಕೋ. ಅವರಿಗೆ ಗುಮಾನಿ ಬಂದೈತಿ. ಜಮಖಂಡಿ ಆಫೀಸಿಗೆ ಕೇಳಾಕ ಹೋಗ್ಯಾರ ಇವತ್ತ. ಬಂದು ಎಲ್ಲಾರ ಮುಂದ ಕೆಣಕ್ತಾರ ನಿನ್ನ. ನೀ ಹೂಂ ಅಂದ್ರೂ ಜೆಸಿಬಿ, ತಿರುಗಿ ಬೈದ್ರೂ ಜೆಸಿಬಿ. ನನಗ ಗೊತ್ತೈತಿ ಅವರ ಸ್ವಭಾವ. ಆ ಜೆಸಿಬಿ ನನ್ನ ಗಿಡಾ ಬಳಸಿ ಹೋದೀತು, ಈ ಕೂಸುಗೋಳ ಮ್ಯಾಲೆ ಹಾದ ಹೋಗತೈತಿ.”

ಕೊಡ ಎತ್ತಿಕೊಂಡು ಇಳಿದುಹೋದಳು.

ಮರುದಿನ ಬೆಳಿಗ್ಗೆ ಕಾಶಪ್ಪನ ಅಂಗಡಿ ಎಂದಿಗಿಂತ ತುಂಬಿತ್ತು. ಅಮೋಲ ಬರದೆ ಇರಬಹುದಿತ್ತು. ಬರದಿದ್ದರೆ ಅದೇ ಒಪ್ಪಿಕೊಂಡಂತೆ ಎಂದು ಬಂದಿದ್ದ. ಬಿಜಲಿಯನ್ನು ಕಂಬಕ್ಕೆ ಕಟ್ಟಿ ಚಾ ಹಿಡಿದುಕೊಂಡ.

ಗೌಡರು ಬೆಂಚಿನ ಮೇಲೆ ಕೂಡಲೇ ಇಲ್ಲ. “ಜಮಖಂಡಿಗೆ ಹೋಗಿ ಕೇಳ್ಕೊಂಡ ಬಂದೆ. ಅಂಥಾ ಲೈನಿನ ಸುದ್ದೀನ ಇಲ್ಲಂತ ಅಲ್ಲಿ! ಯಾವನಲೇ ನನ್ನ ಹೊಲದಾಗ ಕಲ್ಲ ಇಟ್ಟಾಂವ?”

ಒಬ್ಬೊಬ್ಬರೇ ಅಮೋಲನ ಕಡೆ ನೋಡತೊಡಗಿದರು. ಆ ಮಡ್ಡಿಯಲ್ಲಿ ದಿನಾ ತಿರುಗುವವನು ಇನ್ನಾರು?

ಗೌಡರು ಅವನ ಮುಂದೆ ಬಂದು ನಿಂತರು. “ನೀ ಏನಲೇ?”

ಅಮೋಲ ಗ್ಲಾಸು ಕೆಳಗಿಟ್ಟ.

ಒಲೆಯ ಮುಂದಿನಿಂದ ಕಾಶಪ್ಪ ಬಾಯಿ ಹಾಕಿದ. “ಗೌಡ್ರ, ಆಫೀಸಿನಾಗ ಕುಂತವರಿಗೆ ಹೊಲದಾಗಿಂದ ಏನ ಗೊತ್ತಿರತೈತ್ರಿ? ಸರ್ವೇ ಮಾಡಾವ್ರು ಬ್ಯಾರೇನ ಇರ್ತಾರ. ಹೋದ ಸಲಾನೂ ಹಿಂಗ ಇಲ್ಲ ಇಲ್ಲ ಅಂದು, ಆಮ್ಯಾಲ ಬಂತಲ್ರಿ.”

“ಆ ಸಾಲ ನೋಡೀರೇನ್ರಿ ನೀವು?” ಎಂದ ಹಾಲಿನವನು. “ಸೂತದ ದಾರಾ ಹಿಡದಂಗ ಐತಿ. ಇಳಕಲಾ ನೋಡಿ ತಿರುವ್ಯಾರ. ಕಲತಾವರ ಕೆಲಸಾ ಅದು.”

ಗೌಡರ ಮೋರೆಯ ಮೇಲೆ ಅನುಮಾನ ಅತ್ತ ಇತ್ತ ಆಡಿತು. ಅಮೋಲನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹರಿದ ಅಂಗಿ, ಕಣ್ಣು ಹೋದ ದುರ್ಬೀನು, ಗ್ರೀಸು ಮೆತ್ತಿದ ಚಪ್ಪಲಿ. ನೋಡುತ್ತ ನೋಡುತ್ತ ತುಟಿ ಅಗಲವಾಯಿತು.

“ಖರೆ ಬಿಡು. ಒಂಬತ್ತನೆತ್ತೆ ದಾಟದ ಎಮ್ಮಿ ಇದು. ಹಾಳಿ ಮ್ಯಾಲ ಪಟ್ಟಿ ಇಟ್ಟು ಗೆರಿ ಎಳಿಯಾಕ ಬರಲಿಲ್ಲ ಇವಗ, ಹೊಲದಾಗ ಎಳೀತಾನೇನು? ಅಷ್ಟ ಬುದ್ಧಿ ಇವನ ತಲ್ಯಾಗ ಇದ್ದಿದ್ದರ ಸಾತಪ್ಪ ಮಾಸ್ತರ ಮುಖಾ ಮುಚಕೊಂಡ ಯಾಕ ತಿರಗತಿದ್ದ? ಏನಲೇ ಅಮೋಲ್ಯಾ, ಹೌದಲ್ಲೋ?”

ನಗೆ ಅಂಗಡಿಯ ತಗಡಿಗೆ ಬಡಿದು ತಿರುಗಿ ಬಂತು. ಟ್ರ್ಯಾಕ್ಟರಿನವರು ನಕ್ಕರು, ಬಸ್ಸಿಗೆ ನಿಂತವರು ನಕ್ಕರು.

ಅಮೋಲನ ಅಂಗಾಲಿನಿಂದ ಬಿಸಿ ಏರಿತು. ಮೊಣಕಾಲು ದಾಟಿತು, ಎದೆ ದಾಟಿತು, ಗಂಟಲಿಗೆ ಬಂದು ನಿಂತಿತು. ನಾನೇ. ಆ ಗೆರೆ ನಂದು, ಆ ಹೊರಳು ನಂದು, ನೀವು ‘ಕಲತಾವರ ಕೆಲಸಾ’ ಅಂದಿರಲ್ಲ, ಅದು ಈ ಎಮ್ಮೆಯ ಕೆಲಸ. ನಾಲಿಗೆಯ ತುದಿಯಲ್ಲಿ ಆ ಮಾತು ಕೆಂಡದಂತೆ ಕೂತಿತ್ತು. ಬಾಯಿ ತೆರೆದರೆ ಸಾಕು, ಇಡೀ ಅಂಗಡಿಯ ನಗೆ ಗೌಡರ ಕಡೆ ತಿರುಗುತ್ತದೆ.

“ಯಾಕಲೇ, ಬಾಯಿ ಬಿದ್ದ ಹೋತೇನು?” ಎಂದರು ಗೌಡರು.

ಇಷ್ಟು ಹೊತ್ತಿಗೆ ಹಳ್ಳದಿಂದ ಎದ್ದಿರುತ್ತದೆ ಗಂಡುಹಕ್ಕಿ, ಹೊಟ್ಟೆಯ ತುಂಬ ನೀರು ಹೊತ್ತು.

ಅಮೋಲ ಕಂಬದಿಂದ ಹಗ್ಗ ಬಿಚ್ಚಿದ. ಬಿಜಲಿ ಎದ್ದು ಮೈ ಝಾಡಿಸಿ ಅವನ ಮೊಣಕಾಲಿಗೆ ಒರಗಿದಳು. ಅಂಗಡಿಯ ಮೆಟ್ಟಿಲಿಳಿದು, ನಿಂತಿದ್ದ ಬಸ್ಸಿನ ಹಿಂದಿನಿಂದ ಹಾದು, ಅವನು ತುಬಚಿ ದಾರಿ ಹಿಡಿದ. ಹಿಂದಿನಿಂದ ಗೌಡರು ಇನ್ನೂ ಏನೋ ಕೂಗುತ್ತಿದ್ದರು, ಯಾರೋ ಸಿಳ್ಳೆ ಹಾಕಿದರು. ಅವನು ಏನೂ ಅನ್ನಲಿಲ್ಲ. ನಡೆದ.